ಬಾವಲಿ ಡಿಟೆಕ್ಟರ್ ಮೈಕ್ ಕ್ಯಾಲಿಬ್ರೇಶನ್: ಕಾಡಿಗೆ ಹೋಗುವ ಮುಂಚೆ, ಬಂದ ಮೇಲೆ

ಮಳೆಗಾಲ ಮುಗಿಯುತ್ತಿದ್ದಂತೆ ಬಾವಲಿ ಸಮೀಕ್ಷೆಯ ನಾಲ್ಕು ತಂಡದವರು ಮಡಗಾಂವ್‌ನ ನನ್ನ ಮನೆಗೆ ಬಾವಲಿ ಡಿಟೆಕ್ಟರ್, ಅಂದರೆ ನಮ್ಮ ಕಿವಿಗೆ ಕೇಳದ ಬಾವಲಿ ಕೂಗನ್ನು ಹಿಡಿಯುವ ರೆಕಾರ್ಡರ್, ಹೊತ್ತು ತಂದರು. ನಾಲ್ವರದೂ ಒಂದೇ ಪ್ರಶ್ನೆ. ಧಾರವಾಡದ ಕಡೆಯ ಹುಡುಗನೊಬ್ಬ ಕೇಳಿದ್ದು ಹೀಗೆ: "ಸರ, ಜೂನ್‌ನ್ಯಾಗ ರಾತ್ರಿಗೆ ಇನ್ನೂರು ಕೂಗು ಸಿಗ್ತಿದ್ವು. ಈಗ ಇಪ್ಪತ್ತೂ ಇಲ್ರಿ. ಬಾವಲಿ ಎಲ್ಲಿ ಹೋದ್ವು?" ಅಳೆದು ನೋಡಿದರೆ ಮೂವರ ಮೈಕ್ ಕಿವುಡಾಗಿತ್ತು. ನಾಲ್ಕನೆಯದು ಕಿವುಡಾಗಿತ್ತೋ ಇಲ್ಲವೋ ಹೇಳಲು ಬರಲೇ ಇಲ್ಲ, ಏಕೆಂದರೆ ಹೊರಡುವ ಮುಂಚೆ ಅದನ್ನು ಯಾರೂ ಅಳೆದಿರಲಿಲ್ಲ.

ಆ ನಾಲ್ಕನೆಯ ತಂಡದಂಥವರಿಗಾಗಿ ಕ್ಯಾಲಿಬ್ರೇಶನ್, ಅಂದರೆ ಮೈಕನ್ನು ಅಳೆದು ನೋಡುವ ಕ್ರಮ, ಬರೆಯುತ್ತಿದ್ದೇನೆ. ಇಲ್ಲಿರುವ ಕ್ರಮಕ್ಕೆ ಪ್ರಯೋಗಶಾಲೆ ಬೇಡ. ಒಂದು ಭಾನುವಾರ, ಒಂದು ಖಾಲಿ ಹಾಲ್, ಸ್ವಲ್ಪ ತಾಳ್ಮೆ ಸಾಕು.

ಏನನ್ನು ಅಳೆಯುತ್ತಿದ್ದೇವೆ

ಎರಡು ಬಗೆಯ ಅಳತೆಗಳಿವೆ. ಮೈಕಿನ ಮೇಲೆ ಬಿದ್ದ ಒತ್ತಡ ಇಷ್ಟು ಪ್ಯಾಸ್ಕಲ್, ಹೊರಬಂದ ವೋಲ್ಟ್ ಇಷ್ಟು ಎಂದು ಕಂಡುಹಿಡಿಯುವುದು ಪೂರ್ಣ ಅಳತೆ. ಅದಕ್ಕೆ ಪ್ರಮಾಣಪತ್ರವಿರುವ ಕಾಲು ಇಂಚಿನ ಅಳತೆ ಮೈಕ್, ಅಲ್ಟ್ರಾಸೌಂಡ್ (ನಮ್ಮ ಕಿವಿಗೆ ಕೇಳದಷ್ಟು ಎತ್ತರದ ದನಿ) ಸ್ಪೀಕರ್, ಪ್ರತಿಧ್ವನಿ ಇಲ್ಲದ ಕೋಣೆ ಬೇಕು. ನಮ್ಮಂಥವರ ಕೈಗೆ ಸುಲಭವಾಗಿ ಎಟುಕುವುದಲ್ಲ.

ಇನ್ನೊಂದು ಹೋಲಿಕೆಯ ಅಳತೆ. ಕಾಡಿಗೆ ಹೋಗುವ ಮೈಕನ್ನು ಮನೆಯಲ್ಲೇ ಇರುವ ಒಂದು ಮೈಕಿಗೆ ಹೋಲಿಸಿ, ವ್ಯತ್ಯಾಸವನ್ನು ಡೆಸಿಬೆಲ್‌ನಲ್ಲಿ ಬರೆದಿಡುವುದು. ವಾಪಸ್ ಬಂದ ಮೇಲೆ ಅದೇ ಅಳತೆ, ಅದೇ ರೀತಿ. ಸಮೀಕ್ಷೆಗೆ ಇದು ಸಾಲುತ್ತದೆ. ಮೈಕ್ ಎಷ್ಟು ಚೂಪು ಎಂಬುದಕ್ಕಿಂತ ಅದು ನಡುವೆ ಬದಲಾಯಿತೇ ಎಂಬುದು ನಮಗೆ ಮುಖ್ಯ. ಬದಲಾಗಿದ್ದು ಗೊತ್ತಾಗದಿದ್ದರೆ, ಫೈಲಿನಲ್ಲಿ ಕಾಣುವ ಸೊನ್ನೆ ಬಾವಲಿಯದೋ ಮೈಕಿನದೋ ತಿಳಿಯುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಶಬ್ದಮಾಪಕಗಳಿಗೆ ಬಳಸುವ, 1 ಕಿಲೋಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಕೊಡುವ ಸಾಮಾನ್ಯ ಕ್ಯಾಲಿಬ್ರೇಟರ್ ತಂದು "ಮೈಕ್ ಬರೋಬ್ಬರಿ ಅದ" ಎನ್ನುವವರಿದ್ದಾರೆ. 1 ಕಿಲೋಹರ್ಟ್ಸ್‌ನಲ್ಲಿ ಸರಿಯಿರುವ ಮೈಕ್ 40ರಲ್ಲಿ ಅರ್ಧ ಸತ್ತಿರಬಹುದು. 1 ಕಿಲೋಹರ್ಟ್ಸ್ ಅಲೆಯ ಉದ್ದ ಮೂವತ್ತನಾಲ್ಕು ಸೆಂಟಿಮೀಟರ್, 40ರದು ಸುಮಾರು 8.6 ಮಿಲಿಮೀಟರ್, 100ರದು 3.4 ಮಿಲಿಮೀಟರ್. ಮೈಕಿನ ಬಾಯಿಗೆ ಅಂಟಿದ ಒಂದು ಹನಿ ನೀರು ಮೊದಲನೆಯದಕ್ಕೆ ಏನೂ ಅಲ್ಲ, ಕೊನೆಯದಕ್ಕೆ ಗೋಡೆ.

ಬೇಕಾದ ಸಾಮಾನು

ಧ್ವನಿಮೂಲ ಒಂದು. 40 ಕಿಲೋಹರ್ಟ್ಸ್ ಕ್ಯಾಲಿಬ್ರೇಟರ್‌ಗಳು ರೆಡಿಮೇಡ್ ಸಿಗುತ್ತವೆ, ದುಡ್ಡಿದ್ದರೆ ಕೊಳ್ಳಿ. ಇಲ್ಲವಾದರೆ ದೂರ ಅಳೆಯುವ ಸೆನ್ಸರ್‌ಗಳಲ್ಲಿರುವ 40 ಕಿಲೋಹರ್ಟ್ಸ್ ಪೀಜೋ ಬಿಲ್ಲೆ (ವಿದ್ಯುತ್ ಕೊಟ್ಟರೆ ಅದುರಿ ಕೂಗುವಂಥದು) ಮತ್ತು ಅದನ್ನು ಕೂಗಿಸಲು ಆರ್ಡುಯಿನೋ ಎಂಬ ಪುಟ್ಟ ಪ್ರೋಗ್ರಾಮ್ ಬೋರ್ಡ್ ಸಾಕು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಪುಣೆಯ ಬುಧವಾರ ಪೇಠೆಯಲ್ಲಿ ಕೇಳಿದರೆ ಸಿಗುತ್ತದೆ. ಬಿಲ್ಲೆಗಳು ಜೋಡಿಯಾಗಿ ಬರುತ್ತವೆ. ಹಿಂಬದಿಯಲ್ಲಿ 'ಟಿ' ಎಂದಿರುವುದು ಕೂಗುವುದು, 'ಆರ್' ಎಂದಿರುವುದು ಕೇಳುವುದು. ನಿಮಗೆ ಬೇಕಾದ್ದು 'ಟಿ'. ಎರಡು ಕೊಳ್ಳಿ, ಒಂದು ಹಾಳಾದರೆ ಇನ್ನೊಂದಿರಲಿ. ಒಂದೇ ಪ್ಯಾಕೆಟ್ಟಿನ ಎರಡು ಬಿಲ್ಲೆ ಒಂದೇ ಜೋರಿನಲ್ಲಿ ಕೂಗುವುದಿಲ್ಲ, ಹಾಗಾಗಿ ಎರಡಕ್ಕೂ ನಂಬರ್ ಹಾಕಿ.

ಹೋಲಿಕೆಗೆಂದು ಮನೆಯಲ್ಲೇ ಇಡುವ ರೆಫರೆನ್ಸ್ ಮೈಕ್ ಒಂದು. ನಿಮ್ಮ ಬಳಿ ಇರುವ ಮಾದರಿಯದೇ, ಹೊಸದು, ಯಾವತ್ತೂ ಕಾಡಿಗೆ ಹೋಗದ್ದು. ಆಡಿಯೋಮಾತ್ ಎಂಬ ಸಣ್ಣ ರೆಕಾರ್ಡರಿನಂತೆ ಮೈಕ್ ಬೋರ್ಡಿನ ಮೇಲೇ ಕೂತಿದ್ದರೆ ಇಡೀ ಯಂತ್ರವೇ ರೆಫರೆನ್ಸ್. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. "ಒಂದೇ ರಾತ್ರಿಗೆ, ಕೊಡ್ರಿ ಸರ" ಎಂದು ಯಾರು ಬೇಡಿದರೂ ಕೊಡಬೇಡಿ. ನಾನು ಒಮ್ಮೆ ಕೊಟ್ಟೆ, ಎರಡು ವರ್ಷದ ಅಂಕಿಗಳ ತಳಪಾಯವೇ ಅಲುಗಾಡಿತು. ಅನುಕೂಲವಿದ್ದರೆ ಮೂರು ರೆಫರೆನ್ಸ್ ಇಡಿ. ಎರಡಿದ್ದರೆ ಅವು ಜಗಳವಾಡುತ್ತಿವೆ ಎಂದಷ್ಟೇ ಗೊತ್ತಾಗುತ್ತದೆ, ತಪ್ಪು ಯಾವುದರದು ಎಂದು ಹೇಳಲು ಮೂರನೆಯದು ಬೇಕು.

ಉಳಿದದ್ದು: ಎರಡು ಟ್ರೈಪಾಡ್, ಟೇಪು, ಕೋನಮಾಪಕ, ಉಷ್ಣತೆ ಮತ್ತು ತೇವಾಂಶ ತೋರಿಸುವ ಸಣ್ಣ ಮೀಟರ್, ಆಡಾಸಿಟಿ ಎಂಬ ಧ್ವನಿ ತಂತ್ರಾಂಶ ಹಾಕಿದ ಲ್ಯಾಪ್‌ಟಾಪ್, ಗಟ್ಟಿ ರಟ್ಟಿನ ನೋಟ್‌ಬುಕ್, ಎರಡು ದಪ್ಪ ಕೌದಿ. ಕೌದಿ ಯಾಕೆ ಎಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಮೈಕಿಗೆ ನಂಬರ್ ಹಾಕಿ, ರೆಕಾರ್ಡರಿಗಲ್ಲ

ಬಿಚ್ಚಿ ಹಾಕುವ ಮೈಕ್ ಇರುವ ಯಂತ್ರಗಳಲ್ಲಿ ಮೈಕ್ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತದೆ. ಅಂಕಿ ಮೈಕಿನದು, ಅದರ ಜೊತೆಯೇ ಓಡಾಡಬೇಕು. ಅಳಿಸದ ಪೇಂಟ್ ಪೆನ್ನಿನಿಂದ ಮೈಕಿನ ಹೊರಮೈ ಮೇಲೆ ನಂಬರ್ ಬರೆಯಿರಿ, ಬಾಯಿಯ ಹತ್ತಿರ ಬೇಡ. ಕೇಬಲ್‌ಗೂ ನಂಬರ್ ಇರಲಿ. ಗೋವಾದ ಉಪ್ಪುಗಾಳಿಗೆ ಮೈಕಿಗಿಂತ ಮೊದಲು ಕೇಬಲ್‌ನ ತುದಿ ಹಸಿರಾಗುತ್ತದೆ.

ಹಂತ 2: ಸೆಟ್ಟಿಂಗ್ ಮುಟ್ಟದಂತೆ ಕಟ್ಟಿಹಾಕಿ

ಗೇನ್ ಎಂದರೆ ಮೈಕಿನಿಂದ ಬಂದ ದನಿಯನ್ನು ರೆಕಾರ್ಡರ್ ಎಷ್ಟು ಹಿಗ್ಗಿಸಬೇಕು ಎಂಬ ಸೆಟ್ಟಿಂಗ್. ಕಾಡಿನಲ್ಲಿ ಬಳಸುವ ಗೇನ್‌ನಲ್ಲೇ ಅಳೆಯಬೇಕು. ಆಡಿಯೋಮಾತ್‌ನಲ್ಲಿ ಗೇನ್‌ಗೆ ಐದು ಮೆಟ್ಟಿಲಿವೆ. ಮನೆಯಲ್ಲಿ 'ಮೀಡಿಯಂ'ನಲ್ಲಿ ಅಳೆದು ಕಾಡಿನಲ್ಲಿ 'ಹೈ' ಇಟ್ಟರೆ ಅಳತೆ ವ್ಯರ್ಥ. ತನ್ನಷ್ಟಕ್ಕೆ ಗೇನ್ ಬದಲಿಸುವ ಸೌಲಭ್ಯವಿದ್ದರೆ ಆರಿಸಿ. ಫಿಲ್ಟರ್, ಟ್ರಿಗರ್ (ಸದ್ದು ಬಂದಾಗ ಮಾತ್ರ ರೆಕಾರ್ಡ್ ಮಾಡುವ ಸೌಲಭ್ಯ) ಎಲ್ಲ ಬಂದ್ ಮಾಡಿ. ಫೈಲ್ ಕುಗ್ಗಿಸದ ವೇವ್ ಆಗಿರಲಿ. ಬ್ಯಾಟರಿ ಹೊಸದು.

ಸ್ಯಾಂಪಲ್ ದರದ ಬಗ್ಗೆ, ಅಂದರೆ ರೆಕಾರ್ಡರ್ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬುದರ ಬಗ್ಗೆ, ಒಂದು ಮಾತು. ದರದ ಅರ್ಧದವರೆಗೆ ಮಾತ್ರ ಧ್ವನಿ ದಾಖಲಾಗುತ್ತದೆ. 256 ಕಿಲೋಹರ್ಟ್ಸ್ ಇಟ್ಟರೆ 128ರವರೆಗೆ. ನಮ್ಮ ಕಡೆಯ ಗುಹೆ, ಹಳೇ ಕೋಟೆಗಳಲ್ಲಿರುವ ಹಿಪೊಸಿಡೆರೋಸ್ ಸ್ಪಿಯೋರಿಸ್ ಎಂಬ ಎಲೆಮೂಗಿನ ಬಾವಲಿ ಕೂಗುವುದು 130ರ ಆಸುಪಾಸಿನಲ್ಲಿ. ಅದರ ಕೂಗು ಕಾಣದೆ ಮೈಕನ್ನು ಬೈದವರನ್ನು ನೋಡಿದ್ದೇನೆ. ತಪ್ಪು ಮೈಕಿನದಲ್ಲ, 384 ಇಡಬೇಕಿತ್ತು.

ಇನ್ನೊಂದು ಫೋನ್ ಕರೆ ಪ್ರತಿ ವರ್ಷ ಬರುತ್ತದೆ: "ಆಲದ ಮರದ ತುಂಬ ದೊಡ್ಡ ಬಾವಲಿ ನೇತಾಡ್ತಾವ್ರಿ, ಒಂದೂ ರೆಕಾರ್ಡ್ ಆಗ್ತಿಲ್ಲ." ಆಗುವುದಿಲ್ಲ. ಅವು ಹಣ್ಣು ತಿನ್ನುವ ಬಾವಲಿಗಳು, ಕಣ್ಣು ಮೂಗು ನಂಬಿ ಹಾರುತ್ತವೆ, ಅಲ್ಟ್ರಾಸೌಂಡ್ ಕೂಗೇ ಇಲ್ಲ. ಅದಕ್ಕೆ ಕ್ಯಾಲಿಬ್ರೇಶನ್ ಬೇಕಿಲ್ಲ, ದುರ್ಬೀನು ಸಾಕು.

ಹಂತ 3: ಜಾಗ ಕಟ್ಟುವುದು

ಹತ್ತರಲ್ಲಿ ಎಂಟು ಮಂದಿ ಕೆಡುವುದು ಈ ಹಂತದಲ್ಲಿ. ಧ್ವನಿಮೂಲ, ಮೈಕ್ ಎರಡನ್ನೂ ಮೇಜಿನ ಮೇಲಿಟ್ಟು ಅಳೆಯುತ್ತಾರೆ. ನೇರವಾಗಿ ಬಂದ ಅಲೆಗೆ ಮೇಜಿನಿಂದ ಪುಟಿದ ಅಲೆ ಸೇರಿ ಒಮ್ಮೆ ಕೂಡುತ್ತದೆ, ಒಮ್ಮೆ ಕಳೆಯುತ್ತದೆ. ಮೈಕನ್ನು ನಾಲ್ಕು ಮಿಲಿಮೀಟರ್ ಸರಿಸಿದರೆ ಅಂಕಿ ತಲೆಕೆಳಗಾಗುತ್ತದೆ. ಹಾಗೆ ಸಿಗುವುದು ಮೇಜಿನ ಅಳತೆ.

ಎರಡನ್ನೂ ಟ್ರೈಪಾಡ್ ಮೇಲೆ ನೆಲದಿಂದ 1.5 ಮೀಟರ್ ಎತ್ತರಿಸಿ. ನಡುವಿನ ಅಂತರ ಕರಾರುವಾಕ್ಕಾಗಿ 1 ಮೀಟರ್, ಬಿಲ್ಲೆಯ ಜಾಲರಿಯಿಂದ ಮೈಕಿನ ಬಾಯಿಯವರೆಗೆ. ಗೋಡೆ, ಕಪಾಟು ಎಲ್ಲ ಕಡೆಯಿಂದಲೂ ಕನಿಷ್ಠ ಎರಡು ಮೀಟರ್ ದೂರ. ಮೈಕಿನ ಹಿಂದಿನ ಗೋಡೆಗೆ ಒಂದು ಕೌದಿ ತೂಗುಹಾಕಿ, ನೆಲದ ಮೇಲೆ ನಡುಮಧ್ಯೆ ಇನ್ನೊಂದು ಹಾಸಿ. ಅಜ್ಜಿ ಹೊಲಿದ ದಪ್ಪ ಕೌದಿ ಅಲ್ಟ್ರಾಸೌಂಡನ್ನು ನುಂಗುವ ಪರಿ ನೋಡಿದರೆ ಸ್ಟುಡಿಯೋ ಫೋಮ್‌ಗೆ ದುಡ್ಡು ಸುರಿಯಲು ಮನಸ್ಸಾಗುವುದಿಲ್ಲ. ಫ್ಯಾನ್, ಎಸಿ, ಎಲ್‌ಇಡಿ ಬಲ್ಬ್ ಆರಿಸಿ. ಅಗ್ಗದ ಬಲ್ಬುಗಳ ಒಳಗಿನ ಸರ್ಕ್ಯೂಟ್ ನಮಗೆ ಕೇಳದ ದನಿಯಲ್ಲಿ ಕಿರುಚುತ್ತಿರುತ್ತದೆ.

ಈಗ ಬಿಲ್ಲೆಯನ್ನು ನಿರಂತರ ಕೂಗಿಸಬೇಡಿ. 5 ಮಿಲಿಸೆಕೆಂಡ್ ಕೂಗಿ 200 ಮಿಲಿಸೆಕೆಂಡ್ ಸುಮ್ಮನಿರುವಂತೆ ಆರ್ಡುಯಿನೋಗೆ ಹೇಳಿ. ಕಾರಣ ಸರಳ ಲೆಕ್ಕ. 1.5 ಮೀಟರ್ ಎತ್ತರದಲ್ಲಿ ನೆಲದಿಂದ ಪುಟಿದು ಬರುವ ದಾರಿ ಸುಮಾರು 3.16 ಮೀಟರ್, ನೇರ ದಾರಿ 1 ಮೀಟರ್. ಹೆಚ್ಚುವರಿ 2.16 ಮೀಟರ್ ದಾಟಲು ಧ್ವನಿಗೆ 6 ಮಿಲಿಸೆಕೆಂಡ್ ಬೇಕು. 5 ಮಿಲಿಸೆಕೆಂಡ್‌ನ ಕೂಗು ಮುಗಿದ ಮೇಲೆ ಪ್ರತಿಧ್ವನಿ ಬರುತ್ತದೆ, ಎರಡೂ ಬೆರೆಯುವುದಿಲ್ಲ. ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಯಾವ ಕ್ಷಣ ಯಾವ ಕಂಪನಾಂಕದ ಸದ್ದಿದೆ ಎಂದು ತೋರಿಸುವ ಚಿತ್ರ) ಕೂಗಿನ ಹಿಂದೆ ಮಸುಕಾದ ನೆರಳೊಂದು ಬೇರೆಯಾಗಿ ಕಂಡರೆ ಜಾಗ ಸರಿಯಾಗಿದೆ ಎಂದರ್ಥ. ನೆರಳು ಕೂಗಿಗೇ ಅಂಟಿಕೊಂಡಿದ್ದರೆ ಏನೋ ಹತ್ತಿರದಲ್ಲಿದೆ. ಹುಡುಕಿ, ಬಹುಶಃ ನೀವೇ ನಿಂತಿರುತ್ತೀರಿ.

ಹಂತ 4: ಮೊದಲು ರೆಫರೆನ್ಸ್, ಕೊನೆಗೂ ರೆಫರೆನ್ಸ್

ಬಿಲ್ಲೆಗೆ ವಿದ್ಯುತ್ ಕೊಟ್ಟು ಹತ್ತು ನಿಮಿಷ ಬಿಡಿ. ಅದರ ಜೋರು ಬಿಸಿಲು ನೆರಳಿಗೆ ತಕ್ಕಂತೆ, ವೋಲ್ಟೇಜಿಗೆ ತಕ್ಕಂತೆ ಏರಿಳಿಯುತ್ತದೆ. ಹಳೇ ಪವರ್‌ಬ್ಯಾಂಕಿಗಿಂತ ಒಳ್ಳೆಯ ಅಡಾಪ್ಟರ್ ಮೇಲು. ಉಷ್ಣತೆ, ತೇವಾಂಶ ಬರೆದುಕೊಳ್ಳಿ.

ಆಮೇಲೆ ರೆಫರೆನ್ಸ್ ಮೈಕ್ ಅಳೆಯಿರಿ. ಎಲ್ಲ ಮೈಕ್ ಮುಗಿದ ಮೇಲೆ ಅದನ್ನೇ ಮತ್ತೆ ಅಳೆಯಿರಿ. ಎರಡರ ನಡುವೆ 1 ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನದ ಎಲ್ಲ ಅಳತೆಯನ್ನೂ ಕಾಟು ಹಾಕಿ ಮರುದಿನ ಮಾಡಿ. ಬೇಸರದ ಕೆಲಸ, ಗೊತ್ತು. ಆದರೆ ನಡುವೆ ಯಾವಾಗ ಜಾರಿತು ಎಂದು ಊಹಿಸಿ ಸರಿಪಡಿಸಲು ಹೋದವರು ಯಾರೂ ಉದ್ಧಾರವಾದದ್ದನ್ನು ನಾನು ಕಂಡಿಲ್ಲ.

ಹಂತ 5: ಅಳತೆ

ಪ್ರತಿ ಮೈಕಿಗೆ ಹತ್ತು ಸೆಕೆಂಡ್ ರೆಕಾರ್ಡಿಂಗ್, ಐದು ಸಲ. ಪ್ರತಿ ಸಲವೂ ಮೈಕನ್ನು ಸ್ಟ್ಯಾಂಡಿನಿಂದ ಪೂರ್ತಿ ಬಿಚ್ಚಿ ಮತ್ತೆ ಕೂಡಿಸಬೇಕು. ಬಿಚ್ಚದೆ ಐದು ಸಲ ತೆಗೆದರೆ ಐದೂ ಒಂದೇ ಬರುತ್ತದೆ, ನಿಮ್ಮ ಕೈ ಎಷ್ಟು ನಡುಗುತ್ತದೆ ಎಂದು ತಿಳಿಯುವುದಿಲ್ಲ. ಬಿಚ್ಚಿ ಕೂಡಿಸಿದಾಗ ಐದು ಅಂಕಿಗಳು 1 ಡೆಸಿಬೆಲ್ ಒಳಗೆ ಕೂತರೆ ಸ್ಟ್ಯಾಂಡ್ ಒಳ್ಳೆಯದು. 2 ದಾಟಿದರೆ ಮೈಕನ್ನು ದೂರಬೇಡಿ, ಬಡಗಿಯ ಹತ್ತಿರ ಹೋಗಿ ಮೈಕ್ ಕಚ್ಚಿ ಕೂರುವಂಥ ಮರದ ಗೂಡು ಮಾಡಿಸಿ.

ಮೊದಲು ನೇರ ಮುಖಕ್ಕೆ, ನಂತರ 45 ಡಿಗ್ರಿ, ಕೊನೆಗೆ 90 ಡಿಗ್ರಿ. ಮೈಕನ್ನು ತಿರುಗಿಸುವಾಗ ಅದರ ಬಾಯಿ ಇದ್ದಲ್ಲೇ ಇರಬೇಕು, ದೇಹ ತಿರುಗಬೇಕು. ಬಾವಲಿ ಯಾವಾಗಲೂ ಎದುರಿನಿಂದಲೇ ಬರುವುದಿಲ್ಲವಲ್ಲ. ನೇರ ಮುಖದಲ್ಲಿ ಸರಿಯಿದ್ದು ಪಕ್ಕದಲ್ಲಿ ಮಾತ್ರ ಕುಸಿದಿದ್ದರೆ ಸಾಮಾನ್ಯವಾಗಿ ಕವಚ ಓರೆಯಾಗಿರುತ್ತದೆ ಅಥವಾ ಫೋಮ್ ಒಂದು ಕಡೆ ಒತ್ತಿಕೊಂಡಿರುತ್ತದೆ.

ಕಾಡಿನಲ್ಲಿ ಕವಚ ಹಾಕುತ್ತೀರೆಂದರೆ ಕವಚದೊಳಗಿಟ್ಟೇ ಅಳೆಯಿರಿ, ನಂತರ ಕವಚವಿಲ್ಲದೆ ಇನ್ನೊಮ್ಮೆ. ಗಾಳಿ ತಡೆಯುವ ಫೋಮ್, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ನೀರು ತಡೆಯುವ ಪೊರೆ ಎಲ್ಲವೂ ಮೇಲಿನ ಕಂಪನಾಂಕಗಳನ್ನು ಕತ್ತರಿಸುತ್ತವೆ. ಒದ್ದೆ ಫೋಮ್ ಅಂತೂ ಮೈಕಿನ ಬಾಯಿಗೆ ಬಟ್ಟೆ ತುರುಕಿದಂತೆ.

ಈ ಹಂತದ ದೊಡ್ಡ ತಪ್ಪು ಕ್ಲಿಪ್ಪಿಂಗ್. ಬಿಲ್ಲೆ ತೀರಾ ಜೋರಾದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಎಲ್ಲ ಮೈಕೂ ಪೂರ್ಣ ಪ್ರಮಾಣಕ್ಕೆ (ರೆಕಾರ್ಡರ್ ಬರೆಯಬಲ್ಲ ಗರಿಷ್ಠ ಮಟ್ಟ) ತಾಗಿ ನಿಲ್ಲುತ್ತವೆ. ಆಗ ನೋಟ್‌ಬುಕ್‌ನಲ್ಲಿ ಹನ್ನೆರಡು ಮೈಕಿಗೂ ಒಂದೇ ಅಂಕಿ! "ಎಲ್ಲಾ ಬರೋಬ್ಬರಿ" ಎಂದು ಚಹಾ ಕುಡಿದು ಏಳುತ್ತಾರೆ. ಹನ್ನೆರಡು ಮೈಕ್ ಒಂದೇ ಅಂಕಿ ಕೊಡುವುದು ಶುಭಸೂಚನೆಯಲ್ಲ, ಅನುಮಾನ ಪಡಬೇಕಾದ ವಿಷಯ. ಅಲೆಯ ನೆತ್ತಿ ಪೂರ್ಣ ಪ್ರಮಾಣಕ್ಕಿಂತ 12ರಿಂದ 20 ಡೆಸಿಬೆಲ್ ಕೆಳಗಿರಲಿ. ಜೋರಾದರೆ ಬಿಲ್ಲೆಯ ತಂತಿಗೆ ಸಾಲಿನಲ್ಲಿ ಒಂದು ರೆಸಿಸ್ಟರ್ ಬೆಸೆಯಿರಿ. ದೂರ ಹೆಚ್ಚಿಸಿದರೆ ನೆಲದ ಪ್ರತಿಧ್ವನಿ ಬೇಗ ಬಂದು ಹಿಡಿಯುತ್ತದೆ, ಅದು ಬೇಡ.

ಹಂತ 6: ಆಡಾಸಿಟಿಯಲ್ಲಿ ಓದುವುದು

ಫೈಲ್ ತೆರೆದು ಸ್ಪೆಕ್ಟ್ರೋಗ್ರಾಮ್ ಹಾಕಿದರೆ ಏನೂ ಕಾಣದೆ ಗಾಬರಿಯಾಗುವವರು ಸೆಟ್ಟಿಂಗ್‌ನಲ್ಲಿ ಗರಿಷ್ಠ ಕಂಪನಾಂಕ ನೋಡಿ. ಅದು 20,000 ಹರ್ಟ್ಸ್‌ಗೆ ನಿಂತಿದ್ದರೆ ಅದರ ಮೇಲಿನದು ಪರದೆಯ ಆಚೆ ಇರುತ್ತದೆ. 1,50,000ಕ್ಕೆ ಏರಿಸಿ.

35 ಕಿಲೋಹರ್ಟ್ಸ್‌ಗೆ ಹೈಪಾಸ್ ಫಿಲ್ಟರ್ ಕೊಡಿ, ಕೆಳಗಿನ ಗದ್ದಲ ಹೋಗಲಿ. ಎಲ್ಲ ಫೈಲಿಗೂ ಅದೇ ಫಿಲ್ಟರ್, ಅದೇ ಇಳಿಜಾರು. ಒಂದು ಕೂಗಿನ ಮೊದಲ 2 ಮಿಲಿಸೆಕೆಂಡ್ ಬಿಟ್ಟು (ಬಿಲ್ಲೆ ಪೂರ್ಣ ಜೋರಿಗೆ ಬರಲು ಸಮಯ ಬೇಕು) ಮುಂದಿನ 2 ಮಿಲಿಸೆಕೆಂಡ್ ಆಯ್ದುಕೊಂಡು 'ಮೆಷರ್ ಆರ್‌ಎಂಎಸ್' ಎಂಬ ಸಾಧನದಲ್ಲಿ ಆರ್‌ಎಂಎಸ್ ಅಂಕಿ (ಆ ಭಾಗದ ಸರಾಸರಿ ಜೋರು) ಓದಿ. ಹತ್ತು ಕೂಗುಗಳ ಸರಾಸರಿ ತೆಗೆಯಿರಿ. ತಪ್ಪಿಯೂ 'ನಾರ್ಮಲೈಸ್' ಒತ್ತಬೇಡಿ. ಅದು ಎಲ್ಲ ಫೈಲನ್ನೂ ಒಂದೇ ಎತ್ತರಕ್ಕೆ ಎಳೆದು ನಿಮ್ಮ ಅರ್ಧ ದಿನದ ದುಡಿಮೆಯನ್ನು ಅಳಿಸಿಬಿಡುತ್ತದೆ.

ಬರೆಯಬೇಕಾದ್ದು ಮೈಕಿನ ಅಂಕಿ ಮಾತ್ರವಲ್ಲ, ರೆಫರೆನ್ಸ್‌ನಿಂದ ಅದರ ಅಂತರ. ಉದಾಹರಣೆಗೆ ಮೇ ತಿಂಗಳಲ್ಲಿ ರೆಫರೆನ್ಸ್ ಮೈನಸ್ 18.2, ಏಳನೇ ಮೈಕ್ ಮೈನಸ್ 19.0, ಅಂತರ ಮೈನಸ್ 0.8. ಅಕ್ಟೋಬರ್‌ನಲ್ಲಿ ರೆಫರೆನ್ಸ್ ಮೈನಸ್ 18.6, ಏಳನೇ ಮೈಕ್ ಮೈನಸ್ 25.4, ಅಂತರ ಮೈನಸ್ 6.8. ಅಂದರೆ ಏಳನೇ ಮೈಕ್ 6 ಡೆಸಿಬೆಲ್ ಕಳೆದುಕೊಂಡಿದೆ. ರೆಫರೆನ್ಸ್‌ನ 0.4 ವ್ಯತ್ಯಾಸ ಬಿಲ್ಲೆಯದು, ಕಳೆಯುವಾಗ ತಾನಾಗಿ ಹೊರಟುಹೋಯಿತು.

ಹಂತ 7: 40ರ ಆಚೆ ಈಚೆ

ಪೀಜೋ ಬಿಲ್ಲೆ ಕೂಗುವುದು 40ರ ಸುತ್ತಮುತ್ತ ಮಾತ್ರ. ಪಿಪಿಸ್ಟ್ರೆಲ್ ಎಂಬ ನಮ್ಮ ಪುಟ್ಟ ಬಾವಲಿಗಳ ಕೂಗಿಗೆ ಅದು ಹತ್ತಿರ. ಆದರೆ ಪಶ್ಚಿಮ ಘಟ್ಟದ ರೈನೋಲೋಫಸ್ ರೌಕ್ಸಿ ಎಂಬ ಕುದುರೆಲಾಳದ ಬಾವಲಿ 80ರ ಆಸುಪಾಸಿನಲ್ಲಿ ಕೂಗುತ್ತದೆ. ಧೂಳು, ತೇವ ಮೊದಲು ತಿನ್ನುವುದು ಮೇಲಿನ ಕಂಪನಾಂಕವನ್ನೇ. 40ರಲ್ಲಿ ಪಾಸಾದ ಮೈಕ್ 80ರಲ್ಲಿ ಫೇಲಾಗುವುದು ಸಾಮಾನ್ಯ.

ಇದಕ್ಕೊಂದು ಅಗ್ಗದ ದಾರಿ ಇದೆ. ರೆಫರೆನ್ಸ್ ಮತ್ತು ಪರೀಕ್ಷೆಯ ಮೈಕ್ ಎರಡನ್ನೂ ಐದು ಸೆಂಟಿಮೀಟರ್ ಅಂತರದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಎರಡರಲ್ಲೂ ಒಟ್ಟಿಗೇ ರೆಕಾರ್ಡ್ ಮಾಡುತ್ತ 1 ಮೀಟರ್ ದೂರದಲ್ಲಿ ಬೀಗದ ಕೈ ಗೊಂಚಲನ್ನು ಮೂವತ್ತು ಸೆಕೆಂಡ್ ಅಲ್ಲಾಡಿಸಿ. ಗೊಂಚಲಿನ ಸದ್ದಿನಲ್ಲಿ ಅಲ್ಟ್ರಾಸೌಂಡ್ ಧಾರಾಳವಾಗಿದೆ. ಒಂದು ಸಲ ಬಂದ ಸದ್ದು ಇನ್ನೊಂದು ಸಲ ಬರುವುದಿಲ್ಲ, ಅದಕ್ಕೇ ಮೈಕ್‌ಗಳನ್ನು ಒಂದೊಂದಾಗಿ ಅಳೆಯಲು ಅದು ಕೆಲಸಕ್ಕೆ ಬಾರದು. ಎರಡೂ ಮೈಕ್ ಒಂದೇ ಸದ್ದನ್ನು ಒಂದೇ ಕ್ಷಣ ಕೇಳುತ್ತಿದ್ದರೆ ಸದ್ದಿನ ಏರಿಳಿತ ಲೆಕ್ಕಕ್ಕಿಲ್ಲ.

'ಪ್ಲಾಟ್ ಸ್ಪೆಕ್ಟ್ರಮ್' ತೆಗೆದು 25, 40, 60, 80, 100 ಕಿಲೋಹರ್ಟ್ಸ್‌ನಲ್ಲಿ ಎರಡರ ಅಂತರ ಬರೆಯಿರಿ. ನಂತರ ಮೈಕ್‌ಗಳ ಎಡಬಲ ಅದಲುಬದಲು ಮಾಡಿ ಮತ್ತೊಮ್ಮೆ, ಎರಡರ ಸರಾಸರಿ. ಸದ್ದು ಮೈಕಿನ ಸ್ವಂತ ಗದ್ದಲಕ್ಕಿಂತ 10 ಡೆಸಿಬೆಲ್‌ನಷ್ಟಾದರೂ ಮೇಲೆದ್ದಿರುವಲ್ಲಿ ಮಾತ್ರ ಈ ಹೋಲಿಕೆಗೆ ಅರ್ಥ. ಅದಕ್ಕಿಂತ ಕೆಳಗೆ ನೀವು ಗದ್ದಲವನ್ನು ಗದ್ದಲಕ್ಕೆ ಹೋಲಿಸುತ್ತಿರುತ್ತೀರಿ, ಎರಡು ಮೈಕೂ ಸಮ ಎಂದು ಕಾಣುತ್ತದೆ.

ಹಂತ 8: ಸುಮ್ಮನಿರುವಾಗಿನ ಸದ್ದು

ಮೈಕನ್ನು ಬಟ್ಟೆ ತುಂಬಿದ ಕಪಾಟಿನೊಳಗಿಟ್ಟು ಬಾಗಿಲು ಹಾಕಿ ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಹೊರಗೆ ಮಿಡತೆ, ಜೀರುಂಡೆ ಇಲ್ಲದ ಹಗಲಿನಲ್ಲಿ ಮಾಡಿ, ನಮ್ಮ ಕಡೆಯ ಎಷ್ಟೋ ಮಿಡತೆಗಳು 20 ಕಿಲೋಹರ್ಟ್ಸ್‌ನ ಮೇಲೂ ಹಾಡುತ್ತವೆ.

ಈ ಅಂಕಿಯನ್ನು ಹಿಂದಿನ ಅಂಕಿಯ ಜೊತೆಗಿಟ್ಟು ನೋಡಿದರೆ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೂಗು ಕುಗ್ಗಿದೆ, ಗದ್ದಲ ಹಾಗೇ ಇದೆ ಎಂದರೆ ಮೈಕಿನ ಬಾಯಿಯಲ್ಲಿ ಏನೋ ಸಿಕ್ಕಿಕೊಂಡಿದೆ: ಧೂಳು, ತೇವ, ಮಣ್ಣಿನ ಗೂಡು ಕಟ್ಟುವ ಕಣಜ. ಕೂಗು ಕುಗ್ಗಿದೆ, ಗದ್ದಲವೂ ಅಷ್ಟೇ ಕುಗ್ಗಿದೆ ಎಂದರೆ ಗೇನ್ ಬದಲಾಗಿದೆ ಅಥವಾ ಕೇಬಲ್ ಸಡಿಲ. ಕೂಗು ಸರಿಯಿದೆ, ಗದ್ದಲ ಏರಿದೆ ಎಂದರೆ ತೇವ ವಿದ್ಯುತ್ ಭಾಗಕ್ಕೆ ಇಳಿದಿದೆ. ಈ ಮೂರನೆಯದು ಕೂಗಿನ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಕಾಡಿನಲ್ಲಿ ಮಾತ್ರ ದೂರದ ಬಾವಲಿಗಳೆಲ್ಲ ಗದ್ದಲದಲ್ಲಿ ಮುಳುಗುತ್ತವೆ.

ಹಂತ 9: ಇಟ್ಟುಕೊಳ್ಳುವುದೋ, ಎಸೆಯುವುದೋ

ನಾನು ಪಾಲಿಸುವ ನಿಯಮ: ಮೊದಲ ಅಳತೆಯಿಂದ 3 ಡೆಸಿಬೆಲ್‌ ಒಳಗಿದ್ದರೆ ಕಾಡಿಗೆ. 3ರಿಂದ 6ರ ನಡುವೆ ಇದ್ದರೆ ಒಣಗಿಸಿ ಮತ್ತೆ ಅಳೆಯುವುದು. 6 ದಾಟಿದರೆ ಸಮೀಕ್ಷೆಯಿಂದ ನಿವೃತ್ತಿ, ಶಾಲೆ ಮಕ್ಕಳಿಗೆ ತೋರಿಸಲು ಇಟ್ಟುಕೊಳ್ಳಬಹುದು.

6 ಎಂದರೆ ಎಷ್ಟು? ಒಂದು ಲೆಕ್ಕ ಹಾಕೋಣ. ಬಾವಲಿಯಿಂದ 1 ಮೀಟರ್ ದೂರದಲ್ಲಿ ಕೂಗು 100 ಡೆಸಿಬೆಲ್, ಮೈಕ್ 40 ಡೆಸಿಬೆಲ್‌ವರೆಗೆ ಕೇಳಬಲ್ಲದು, 40 ಕಿಲೋಹರ್ಟ್ಸ್‌ನಲ್ಲಿ ಗಾಳಿ ಮೀಟರಿಗೆ 1.3 ಡೆಸಿಬೆಲ್ ನುಂಗುತ್ತದೆ ಎಂದುಕೊಳ್ಳಿ. ದೂರ ಇಮ್ಮಡಿಯಾದಾಗಲೆಲ್ಲ ಇನ್ನೂ 6 ಡೆಸಿಬೆಲ್ ಹೋಗುತ್ತದೆ. ಎಲ್ಲ ಸೇರಿಸಿದರೆ ಕೂಗು ಕೇಳುವ ದೂರ ಸುಮಾರು 25.5 ಮೀಟರ್. ಮೈಕ್ 6 ಡೆಸಿಬೆಲ್ ಕಳೆದುಕೊಂಡರೆ 22. "ಮೂರೂವರೆ ಮೀಟರ್ ಹೋದ್ರೆ ಏನಾತು?" ಎಂದು ಕೇಳಬಹುದು. ಆದರೆ ಬಾವಲಿ ಹಾರುವುದು ಗೆರೆಯ ಮೇಲಲ್ಲ. ಮೈಕ್ ಕೇಳುವ ಗಾಳಿಯ ಗೋಳದ ಗಾತ್ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿತು. 12 ಡೆಸಿಬೆಲ್ ಹೋದರೆ ಶೇಕಡಾ 60ಕ್ಕೂ ಹೆಚ್ಚು. ಅಷ್ಟು ಸಾಕು, ವರದಿಯಲ್ಲಿ "ಬಾವಲಿ ಸಂಖ್ಯೆ ಕುಸಿದಿದೆ" ಎಂದು ಬರೆಯಲು.

ಇಲ್ಲಿ ಎಲ್ಲರೂ ಹುಡುಕುವ ಅಡ್ಡದಾರಿ: "ಮೈಕ್ 6 ಡೆಸಿಬೆಲ್ ಕಮ್ಮಿ ಐತಿ, ಗೇನ್ 6 ಏರಿಸಿದ್ರ ಆತಲ್ರಿ?" ಆಗುವುದಿಲ್ಲ. ಗೇನ್ ಏರಿಸಿದರೆ ಕೂಗಿನ ಜೊತೆ ಗದ್ದಲವೂ ಅಷ್ಟೇ ಏರುತ್ತದೆ, ಅವೆರಡರ ನಡುವಿನ ಅಂತರ ಹಿಗ್ಗುವುದಿಲ್ಲ. ಬಾವಲಿ ಸಿಗುವುದು ಆ ಅಂತರದಿಂದ. ಕಂಪ್ಯೂಟರಿನಲ್ಲಿ ಆಮೇಲೆ ಜೋರು ಮಾಡಿದರೂ ಇದೇ ಕಥೆ.

ಒಣಗಿಸುವುದು ಹೇಗೆ? ಸಿಲಿಕಾ ಜೆಲ್ ಡಬ್ಬಿಯಲ್ಲಿ ಎರಡು ದಿನ, ಅಷ್ಟೇ. ಹೇರ್ ಡ್ರೈಯರ್, ಬಿಸಿಲು, ಅಕ್ಕಿ ಡಬ್ಬಿ ಬೇಡ. ಸೂಜಿ ಹಾಕಿ ಕೆದಕಬೇಡಿ, ಗಾಳಿ ಪಂಪಿನಿಂದ ಊದಬೇಡಿ. ಬಾಯಿಯ ಹಿಂದಿರುವ ಪೊರೆ ಕೂದಲಿಗಿಂತ ತೆಳು, ಒಂದೇ ಊದಿಗೆ ಹರಿಯುತ್ತದೆ. ಹೊರಗಿನ ಕವಚಕ್ಕಾದರೆ ಮೆತ್ತನೆಯ ಬಣ್ಣದ ಕುಂಚ ಸಾಕು.

ಹಂತ 10: ಕಾಡಿನಲ್ಲಿ ಕಾವಲು ಬೀಪ್

ಹೋಗುವ ಮುಂಚೆ, ಬಂದ ಮೇಲೆ ಅಳೆದಿರಿ. ನಡುವೆ 6 ಡೆಸಿಬೆಲ್ ಹೋಗಿದೆ. ಯಾವ ರಾತ್ರಿ ಹೋಯಿತು? ಗೋವಾದ ಮೊಲ್ಲೆಮ್ ಕಾಡಿನ ಬಳಿ ಒಮ್ಮೆ ಹನ್ನೊಂದು ರಾತ್ರಿಯ ರೆಕಾರ್ಡಿಂಗನ್ನು ನಾನು ಈ ಪ್ರಶ್ನೆಗೆ ಉತ್ತರವಿಲ್ಲದೆ ಬದಿಗಿಡಬೇಕಾಯಿತು. ಜೊತೆಗಿದ್ದ ಹಾವೇರಿಯ ಹುಡುಗ ದಿನಾ ಹೋಗಿ ನೋಡಿ ಬರುತ್ತಿದ್ದ. "ಸರ, ಏನೂ ಆಗಿಲ್ರಿ, ಲೈಟ್ ಹತ್ತೇತಿ" ಎನ್ನುತ್ತಿದ್ದ. ಲೈಟ್ ಹತ್ತಿದ್ದು ನಿಜ. ಆದರೆ ಲೈಟಿಗೂ ಮೈಕಿಗೂ ಸಂಬಂಧವಿಲ್ಲ.

ಅಲ್ಲಿಂದ ಈಚೆಗೆ ಪ್ರತಿ ರೆಕಾರ್ಡರ್‌ನ ಎದುರು ಒಂದೂವರೆ ಮೀಟರ್ ದೂರದಲ್ಲಿ ಇನ್ನೊಂದು ಪೀಜೋ ಬಿಲ್ಲೆ ಕಟ್ಟುತ್ತೇನೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಹತ್ತು ಸೆಕೆಂಡ್ ಕೂಗಿ ಸುಮ್ಮನಾಗುತ್ತದೆ. ರೆಕಾರ್ಡರ್ ಆ ಹೊತ್ತಿಗೆ ಎದ್ದಿರುವಂತೆ ವೇಳಾಪಟ್ಟಿ ಇಡಿ. ಪ್ರತಿ ರಾತ್ರಿಯ ಮೊದಲ ಫೈಲಿನಲ್ಲಿ ಆ ದಿನದ ಮೈಕಿನ ನಾಡಿ ಸಿಗುತ್ತದೆ. ಅಂಕಿಗಳನ್ನು ಸಾಲಾಗಿಟ್ಟರೆ ಮೈಕ್ ನಿಧಾನವಾಗಿ ಸವೆಯಿತೋ, ಒಂದೇ ಮಳೆಗೆ ಬಿದ್ದಿತೋ ಕಾಣುತ್ತದೆ. ಮಳೆಯ ಮರುದಿನ ಕುಸಿದು ಮೂರನೇ ದಿನ ಏರಿದರೆ ಅದು ತೇವ, ಒಣಗಿದೆ. ಕುಸಿದದ್ದು ಏಳದಿದ್ದರೆ ಹೋಗಿ ಮೈಕ್ ಬದಲಿಸಿ.

ಬಾವಲಿಗಳ ನೆಲೆಯ ಹತ್ತಿರ ಇದನ್ನು ಎಂದಿಗೂ ಮಾಡಬೇಡಿ. ಗುಹೆಯ ಬಾಯಲ್ಲಿ 40 ಕಿಲೋಹರ್ಟ್ಸ್ ಕೂಗಿಸುವುದು ಮಲಗಿದವರ ಕಿವಿಯಲ್ಲಿ ತುತ್ತೂರಿ ಊದಿದಂತೆ. ಅಭಯಾರಣ್ಯದಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಪತ್ರದಲ್ಲಿ ರೆಕಾರ್ಡರ್ ಜೊತೆ ಈ ಬಿಲ್ಲೆಯನ್ನೂ ಹೆಸರಿಸಿ.

ಹಂತ 11: ವಾಪಸ್ ಬಂದ ದಿನ

ಮೈಕನ್ನು ಒರೆಸುವ ಮುಂಚೆ, ಒಣಗಿಸುವ ಮುಂಚೆ, ಫೋಮ್ ಬದಲಿಸುವ ಮುಂಚೆ ಅಳೆಯಿರಿ. ಎಲ್ಲರೂ ತಿರುಗಿಸಿ ಮಾಡುತ್ತಾರೆ: ಬಂದ ಕೂಡಲೇ ಪ್ರೀತಿಯಿಂದ ಒರೆಸಿ, ಎರಡು ದಿನ ಒಣಗಿಸಿ, ಆಮೇಲೆ ಅಳೆದು "ಏನೂ ಆಗಿಲ್ಲ" ಎಂದು ಬರೆಯುತ್ತಾರೆ. ಕಾಡಿನಲ್ಲಿ ಕೂಗು ಕೇಳಿದ್ದು ಕೊಳೆಯಾದ ಒದ್ದೆ ಮೈಕ್. ಅದರ ಅಂಕಿ ಬೇಕು. ಒರೆಸಿ ಒಣಗಿಸಿದ ಮೇಲೆ ಎರಡನೇ ಸಲ ಅಳೆಯಿರಿ, ಅದು ಮುಂದಿನ ಸಮೀಕ್ಷೆಗೆ.

ಎರಡೂ ಅಳತೆ 3 ಡೆಸಿಬೆಲ್ ಒಳಗಿದ್ದರೆ ಎಲ್ಲ ರಾತ್ರಿಗಳನ್ನೂ ಬಳಸಿ. ಮೊದಲನೆಯದು ದಾಟಿದ್ದರೆ ಕಾವಲು ಬೀಪ್ ನೋಡಿ, ಕುಸಿದ ರಾತ್ರಿಯಿಂದ ಮುಂದಿನ ಫೈಲುಗಳಿಗೆ ಪಟ್ಟಿಯಲ್ಲಿ ಗುರುತು ಹಾಕಿ. ಅಂಥ ರಾತ್ರಿಗಳಲ್ಲಿ ಸಿಕ್ಕ ಜಾತಿಗಳನ್ನು "ಇದೆ" ಎಂದು ಬರೆಯಬಹುದು, ಸಿಗದ್ದನ್ನು "ಇಲ್ಲ" ಎಂದು ಬರೆಯುವ ಹಾಗಿಲ್ಲ. ಆ ಖಾನೆಯನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ.